ಕೈಯಿಂದ ಓಡುವ ಸ್ಕ್ರಿಪ್ಟ್ ಬೂಟ್ ಆಗುವಾಗ ಏಕೆ ಓಡುವುದಿಲ್ಲ: ದೋಷ ಪತ್ತೆಯ ಕ್ರಮ

ಯುನಿಕ್ಸ್ ಅಥವಾ ಲಿನಕ್ಸ್ ಸರ್ವರ್ ರೀಬೂಟ್ ಆದ ಮೇಲೆ ತಾನಾಗಿಯೇ ಶುರುವಾಗಬೇಕಿದ್ದ ಸ್ಕ್ರಿಪ್ಟ್ ಶುರುವಾಗದಿದ್ದರೆ, ಹೆಚ್ಚಿನ ಅಡ್ಮಿನ್‌ಗಳು ಮೊದಲು ಮಾಡುವುದು ಲಾಗಿನ್ ಆಗಿ ಅದನ್ನು ಕೈಯಿಂದ ಓಡಿಸುವುದನ್ನು. ಅದು ಸರಾಗವಾಗಿ ಓಡುತ್ತದೆ, ಸರ್ವಿಸ್ ಮೇಲೆ ಬರುತ್ತದೆ, ದೂರು ಕೊಟ್ಟವರು ಸುಮ್ಮನಾಗುತ್ತಾರೆ, ಮುಂದಿನ ರೀಬೂಟ್‌ನಲ್ಲಿ ಅದೇ ತೊಂದರೆ ಮತ್ತೆ ತಲೆ ಎತ್ತುತ್ತದೆ. ಹೀಗೆ ಅವಸರದಿಂದ ಓಡಿಸುವುದರಲ್ಲಿ ಇನ್ನೊಂದು ನಷ್ಟವೂ ಇದೆ. ಸ್ಕ್ರಿಪ್ಟ್ ತನ್ನ ಹಳೆಯ ಲಾಗ್ ಫೈಲನ್ನು ಅಳಿಸಿ ಹೊಸದಾಗಿ ಬರೆದರೆ, ಅಥವಾ ಹಿಂದಿನ ಸಲ ಅರ್ಧಕ್ಕೆ ಬಿಟ್ಟಿದ್ದ, ಓಡುವ ಪ್ರೋಸೆಸ್‌ನ ಸಂಖ್ಯೆಯನ್ನು ಬರೆದಿಡುವ ಪಿಐಡಿ ಫೈಲನ್ನು ತೆಗೆದುಹಾಕಿದರೆ, ಬೂಟ್ ಸಮಯದಲ್ಲಿ ನಿಜವಾಗಿ ಏನಾಯಿತು ಎಂಬುದಕ್ಕೆ ಇದ್ದ ಸಾಕ್ಷ್ಯವೇ ಹೋಗಿಬಿಡುತ್ತದೆ. ಆದ್ದರಿಂದ ಕೈಯಿಂದ ಓಡಿಸುವ ಮೊದಲು ಲಾಗ್‌ಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಬೇಕು.

ಅನಂತರ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಬೇಕು. ಸ್ಕ್ರಿಪ್ಟನ್ನು ಯಾರಾದರೂ ಕರೆದರೇ? ಕರೆದಿದ್ದರೆ, ಅದರ ಮೊದಲ ಸಾಲಾದರೂ ಓಡಿತೇ? ಓಡಿದ್ದರೆ, ಎಲ್ಲಿಗೆ ಬಂದು ನಿಂತಿತು? ಈ ಮೂರಕ್ಕೂ ಕಾರಣಗಳು ಬೇರೆ ಬೇರೆ, ಪರಿಹಾರಗಳೂ ಬೇರೆ. ಮೊದಲ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಸ್ಕ್ರಿಪ್ಟ್‌ನ ಒಳಗೆ ಕೈ ಹಾಕಿ ಅಲ್ಲೊಂದು ಇಲ್ಲೊಂದು ಸ್ಲೀಪ್ (ಸ್ವಲ್ಪ ಹೊತ್ತು ಕಾಯಿಸುವ ಕಮಾಂಡ್) ಸೇರಿಸುವುದರಿಂದ ಹೊತ್ತು ಹಾಳಾಗುವುದೇ ಹೊರತು ಬೇರೇನೂ ಆಗುವುದಿಲ್ಲ.

ಕರೆಯುವವರು ಯಾರು

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಮೊದಲು ಹುಟ್ಟಿಸುವ ಪ್ರೋಸೆಸ್‌ನ ಸಂಖ್ಯೆ 1. ಸ್ಟಾರ್ಟಪ್ ಸ್ಕ್ರಿಪ್ಟ್‌ಗಳನ್ನು ಕರೆಯುವ ಹೊಣೆ ಅದರದ್ದು. ಪಿಎಸ್ ಕಮಾಂಡ್‌ನಿಂದ ಆ ಪ್ರೋಸೆಸ್‌ನ ಹೆಸರನ್ನು ನೋಡಿಕೊಂಡೇ ಮುಂದುವರಿಯಬೇಕು, ಏಕೆಂದರೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಅರ್ಧದಷ್ಟು ಬೇರೆ ಯಾವುದೋ ವ್ಯವಸ್ಥೆಗಾಗಿ ಬರೆದವು. ಈ ಹೊಣೆ ಹೊರುವ ಪ್ರೋಗ್ರಾಮ್‌ಗಳಲ್ಲಿ ಒಂದಾದ ಸಿಸ್ಟಮ್‌ಡಿ 2010ರಲ್ಲಿ ಬಂದಿತು; ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 2014ರ ತನ್ನ 7ನೇ ಆವೃತ್ತಿಯಲ್ಲಿ, ಡೆಬಿಯನ್ 2015ರ ತನ್ನ 8ನೇ ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡವು. ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಸಿಸ್ಟಮ್ ಫೈವ್ ಮಾದರಿಯ ಇನಿಟ್ ಇರುವುದು ಸಾಮಾನ್ಯ. ಫ್ರೀಬಿಎಸ್‌ಡಿಯಲ್ಲಿ ಆರ್‌ಸಿ ಡಾಟ್ ಕಾನ್ಫ್ ಎಂಬ ಫೈಲಿನಲ್ಲಿ ಆ ಸರ್ವಿಸ್‌ನ ಹೆಸರಿನ ಮುಂದೆ ‘ಎನೇಬಲ್’ ಸೇರಿಸಿ ‘ಯೆಸ್’ ಎಂದು ಬರೆಯದೆ ನೀವು ಸೇರಿಸಿದ ಸರ್ವಿಸ್ ಸಾಮಾನ್ಯವಾಗಿ ಶುರುವಾಗುವುದಿಲ್ಲ. ಸೋಲಾರಿಸ್ 10ರಿಂದ ಈಚೆಗೆ ಎಸ್‌ಎಂಎಫ್ ಎಂಬ ವ್ಯವಸ್ಥೆ ಇದ್ದು, ಅಲ್ಲಿ ಎಸ್‌ವಿಸಿಎಸ್ ಕಮಾಂಡ್‌ಗೆ ಎಕ್ಸ್ ಮತ್ತು ವಿ ಆಯ್ಕೆಗಳನ್ನು ಕೊಟ್ಟರೆ ಯಾವ ಸರ್ವಿಸ್ ಏಕೆ ನಿಂತಿದೆ ಎಂಬುದನ್ನೂ ಅದರ ಲಾಗ್ ಎಲ್ಲಿದೆ ಎಂಬುದನ್ನೂ ಅದೇ ಹೇಳಿಬಿಡುತ್ತದೆ. ಇಂದಿನ ಹೆಚ್ಚಿನ ಸರ್ವರ್‌ಗಳಲ್ಲಿ ಇರುವುದು ಸಿಸ್ಟಮ್‌ಡಿ ಆದುದರಿಂದ ಇಲ್ಲಿನ ವಿವರಣೆಯ ಹೆಚ್ಚಿನ ಪಾಲು ಅದಕ್ಕೇ ಸಲ್ಲುತ್ತದೆ.

ಸಿಸ್ಟಮ್‌ಡಿಯಲ್ಲಿ ಸ್ಟಾರ್ಟ್ ಮತ್ತು ಎನೇಬಲ್ ಎಂಬ ಎರಡು ಕಮಾಂಡ್‌ಗಳ ವ್ಯತ್ಯಾಸವನ್ನು ಮರೆಯುವುದು ತೀರ ಸಾಮಾನ್ಯವಾದ ತಪ್ಪು. ಸ್ಟಾರ್ಟ್ ಎಂದರೆ ಈಗ ಓಡಿಸು ಎಂದಷ್ಟೇ ಅರ್ಥ. ಮುಂದಿನ ಬೂಟ್‌ನಲ್ಲಿಯೂ ಓಡಬೇಕಾದರೆ ಎನೇಬಲ್ ಮಾಡಬೇಕು. ಸಿಸ್ಟಮ್‌ಡಿಯನ್ನು ನಡೆಸುವ ಸಿಸ್ಟಮ್‌ಸಿಟಿಎಲ್ ಕಮಾಂಡ್‌ಗೆ ಈಸ್-ಎನೇಬಲ್ಡ್ ಎಂದು ಕೊಟ್ಟು ಕೇಳಿದಾಗ ‘ಡಿಸೇಬಲ್ಡ್’ ಎಂದು ಬಂದರೆ ವಿಷಯ ಸ್ಪಷ್ಟ. ‘ಸ್ಟ್ಯಾಟಿಕ್’ ಎಂದು ಬಂದರೆ ಸರ್ವಿಸನ್ನು ಹೇಗೆ ಓಡಿಸಬೇಕೆಂದು ಬರೆದಿಡುವ ಯುನಿಟ್ ಫೈಲಿನಲ್ಲಿ ಇನ್‌ಸ್ಟಾಲ್ ಎಂಬ ವಿಭಾಗವೇ ಇಲ್ಲವೆಂದು ತಿಳಿಯಬೇಕು. ಅಲ್ಲಿ ವಾಂಟೆಡ್‌ಬೈ ಎಂಬ ಸಾಲಿನಲ್ಲಿ ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್ ಎಂದು (ಟಾರ್ಗೆಟ್ ಎಂದರೆ ಬೂಟ್‌ನ ಒಂದು ಹಂತ) ಬರೆದು, ಆಮೇಲೆ ಎನೇಬಲ್ ಮಾಡಬೇಕಾಗುತ್ತದೆ. ‘ಮಾಸ್ಕ್ಡ್’ ಎಂದು ಬಂದರೆ ಯಾರೋ ಬೇಕೆಂದೇ ಅದನ್ನು ತಡೆದಿದ್ದಾರೆ, ತೆಗೆಯುವ ಮೊದಲು ಅವರನ್ನು ಕೇಳುವುದು ಒಳ್ಳೆಯದು. ಯುನಿಟ್ ಫೈಲನ್ನು ತಿದ್ದಿದ ಮೇಲೆ ಡೀಮನ್-ರಿಲೋಡ್ ಮಾಡದಿದ್ದರೆ ಸಿಸ್ಟಮ್‌ಡಿಯ ನೆನಪಿನಲ್ಲಿ ಹಳೆಯ ಪ್ರತಿಯೇ ಉಳಿದಿರುತ್ತದೆ. ಸಿಸ್ಟಮ್‌ಸಿಟಿಎಲ್ ಕ್ಯಾಟ್ ಕಮಾಂಡ್ ಕೊಟ್ಟರೆ ಮೂಲ ಫೈಲಿನ ಜೊತೆಗೆ ಬೇರೆ ಬೇರೆ ಡೈರೆಕ್ಟರಿಗಳಿಂದ ಸೇರಿಕೊಂಡ ತುಂಡು ಫೈಲುಗಳೂ ಕಾಣುತ್ತವೆ. ಹಿಂದೆ ಕೆಲಸ ಮಾಡಿದವರು ಬಿಟ್ಟುಹೋದ ಒಂದು ಸಾಲಿನ ಬದಲಾವಣೆ ಎಷ್ಟೋ ಸಲ ಅಲ್ಲಿ ಸಿಕ್ಕಿಬೀಳುತ್ತದೆ.

ಬೂಟ್ ಆಗುವಾಗ ಓಡಬೇಕಾದ ಕಮಾಂಡ್‌ಗಳನ್ನು ಬರೆದಿಡುವ ಆರ್‌ಸಿ ಡಾಟ್ ಲೋಕಲ್ ಫೈಲನ್ನು ನೆಚ್ಚಿಕೊಂಡವರು ಇನ್ನೆರಡು ಸಂಗತಿಗಳನ್ನು ಪರೀಕ್ಷಿಸಬೇಕು. ಸಿಸ್ಟಮ್‌ಡಿ ಇರುವ ಯಂತ್ರದಲ್ಲಿ ಆ ಫೈಲಿಗೆ ಎಕ್ಸಿಕ್ಯೂಟ್ ಅನುಮತಿ ಇಲ್ಲದಿದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ, ತಪ್ಪಾಗಿದೆ ಎಂಬ ಸಂದೇಶವೂ ಬರುವುದಿಲ್ಲ. ರೆಡ್ ಹ್ಯಾಟ್‌ನ 7ನೇ ಆವೃತ್ತಿಯಲ್ಲಿ ಈ ಫೈಲ್ ಆ ಅನುಮತಿ ಇಲ್ಲದೆಯೇ ಬರುತ್ತದೆ. ಎರಡನೆಯದು ಡೆಬಿಯನ್ ಮತ್ತು ಉಬುಂಟುಗಳ ಹಳೆಯ ಆವೃತ್ತಿಗಳಿಗೆ ಸಂಬಂಧಿಸಿದ್ದು. ಅಲ್ಲಿ ಆ ಫೈಲಿನ ಮೊದಲ ಸಾಲಿನಲ್ಲಿಯೇ ಶೆಲ್‌ಗೆ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಮ್‌ಗೆ) ‘-ಇ’ ಆಯ್ಕೆ ಕೊಟ್ಟಿರುತ್ತಾರೆ, ಕೊನೆಯಲ್ಲಿ ‘ಎಕ್ಸಿಟ್ 0’ ಇರುತ್ತದೆ. ಮೊದಲನೆಯದರಿಂದಾಗಿ ಒಂದು ಕಮಾಂಡ್ ವಿಫಲವಾದರೂ ಅದರ ಕೆಳಗಿನ ಯಾವುದೂ ಓಡುವುದಿಲ್ಲ. ‘ಎಕ್ಸಿಟ್ 0’ ಸಾಲಿನ ಕೆಳಗೆ ಬರೆದದ್ದಂತೂ ಎಂದೆಂದಿಗೂ ಓಡುವುದಿಲ್ಲ. ಆದರೂ ಫೈಲಿನ ಕೊನೆಗೆ ಹೊಸ ಸಾಲು ಸೇರಿಸುವ ಅಭ್ಯಾಸದಿಂದ ಜನ ಅಲ್ಲಿಯೇ ಬರೆಯುತ್ತಾರೆ.

ಸಿಸ್ಟಮ್ ಫೈವ್ ಮಾದರಿಯಲ್ಲಿ ಕರೆ ಬರುವುದು ಲಿಂಕ್‌ಗಳ ಮೂಲಕ. ಈಗಿನ ರನ್‌ಲೆವೆಲ್ (ಯಾವ ಸರ್ವಿಸ್‌ಗಳು ಓಡಬೇಕೆಂದು ಹೇಳುವ ಹಂತ) 3 ಆಗಿದ್ದರೆ ಆರ್‌ಸಿ3 ಡಾಟ್ ಡಿ ಡೈರೆಕ್ಟರಿಯಲ್ಲಿ ಎಸ್ ಅಕ್ಷರ ಮತ್ತು ಎರಡಂಕಿಯ ಸಂಖ್ಯೆಯಿಂದ ಶುರುವಾಗುವ ಲಿಂಕ್ ಇರಬೇಕು. ಲಿಂಕ್ ರನ್‌ಲೆವೆಲ್ 5ಕ್ಕೆ ಇದ್ದು ಯಂತ್ರ 3ಕ್ಕೆ ಬೂಟ್ ಆಗುತ್ತಿದ್ದರೆ ಸ್ಕ್ರಿಪ್ಟ್‌ನದ್ದೇನೂ ತಪ್ಪಿಲ್ಲ. ರೆಡ್ ಹ್ಯಾಟ್‌ನ ಹಳೆಯ ಆವೃತ್ತಿಗಳ ಒಂದು ಮರ್ಮವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ: ಸ್ಕ್ರಿಪ್ಟ್ ಶುರುವಾದಾಗ ವಾರ್ ಡೈರೆಕ್ಟರಿಯ ಲಾಕ್/ಸಬ್‌ಸಿಸ್ ಒಳಗೆ ತನ್ನದೇ ಹೆಸರಿನ ಖಾಲಿ ಫೈಲನ್ನು ಸೃಷ್ಟಿಸದಿದ್ದರೆ, ಶಟ್‌ಡೌನ್ ಸಮಯದಲ್ಲಿ ಅದರ ಸ್ಟಾಪ್ ಭಾಗವನ್ನು ಕರೆಯುವುದೇ ಇಲ್ಲ. ಡೇಟಾಬೇಸ್ ಒಂದು ಪ್ರತಿ ಸಲವೂ ಅರ್ಧಕ್ಕೆ ಕಡಿದುಹೋಗಿ, ಮುಂದಿನ ಬೂಟ್‌ನಲ್ಲಿ ರಿಕವರಿಗೆಂದು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರೆ ಮೂಲ ಇಲ್ಲಿರಬಹುದು.

ಮೊದಲ ಸಾಲು ಓಡಿತೇ

ಕರೆ ಬಂದಿದೆ ಎಂದು ಗೊತ್ತಾದ ಮೇಲೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೊಡುವ ಉತ್ತರವನ್ನು ನಿಧಾನವಾಗಿ ಓದಬೇಕು. ಸಿಸ್ಟಮ್‌ಡಿಯ ಲಾಗ್ ಆದ ಜರ್ನಲನ್ನು ತೋರಿಸುವ ಜರ್ನಲ್‌ಸಿಟಿಎಲ್‌ಗೆ ಬಿ ಆಯ್ಕೆಯನ್ನೂ ಯು ಆಯ್ಕೆಯ ಜೊತೆ ಯುನಿಟ್‌ನ ಹೆಸರನ್ನೂ ಕೊಟ್ಟರೆ ಈ ಬೂಟ್‌ಗೆ ಸಂಬಂಧಿಸಿದ ಸಂದೇಶಗಳು ಮಾತ್ರ ಬರುತ್ತವೆ. ಅಲ್ಲಿ ಕಾಣುವ ಸಂಖ್ಯೆಗಳಿಗೆ ನಿರ್ದಿಷ್ಟ ಅರ್ಥವಿದೆ. 127 ಎಂದರೆ ಶೆಲ್ ಓಡಿತು, ಆದರೆ ಅದಕ್ಕೆ ಕಮಾಂಡ್ ಸಿಗಲಿಲ್ಲ. 126 ಎಂದರೆ ಸಿಕ್ಕಿತು, ಆದರೆ ಓಡಿಸಲಾಗಲಿಲ್ಲ. 200 ಎಂದರೆ ಯುನಿಟ್‌ನಲ್ಲಿ ಹೇಳಿದ ಡೈರೆಕ್ಟರಿಗೆ ಹೋಗಲಾಗಲಿಲ್ಲ, 217 ಎಂದರೆ ಅಲ್ಲಿ ಹೇಳಿದ ಬಳಕೆದಾರನೇ ಯಂತ್ರದಲ್ಲಿಲ್ಲ. ಹೆಚ್ಚು ಜನರನ್ನು ಕಾಡುವುದು ‘ಸ್ಟೇಟಸ್=203/ಎಕ್ಸೆಕ್’ ಎಂಬ ಸಾಲು. ಫೈಲನ್ನು ಓಡಿಸುವಂತೆ ಸಿಸ್ಟಮ್‌ಡಿ ಕರ್ನೆಲ್‌ಗೆ ಹೇಳಿತು, ಕರ್ನೆಲ್ ನಿರಾಕರಿಸಿತು ಎಂದು ಅದರ ಅರ್ಥ; ಎಂದರೆ ಸ್ಕ್ರಿಪ್ಟ್‌ನ ಒಂದು ಸಾಲೂ ಓಡಿಲ್ಲ.

203ಕ್ಕೆ ಕಾರಣಗಳು ಕೆಲವೇ. ಹುಡುಕುವಾಗ ಒಂದು ಮಾತು ನೆನಪಿರಲಿ: ಕೈಯಿಂದ ಓಡಿಸುವಾಗ ‘ಎಸ್‌ಎಚ್’ ಅಥವಾ ‘ಬ್ಯಾಶ್’ ಎಂದು ಶೆಲ್‌ನ ಹೆಸರು ಬರೆದು ಅದರ ಮುಂದೆ ಸ್ಕ್ರಿಪ್ಟ್‌ನ ಹೆಸರು ಕೊಟ್ಟಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ, ಏಕೆಂದರೆ ಆಗ ಎಕ್ಸಿಕ್ಯೂಟ್ ಅನುಮತಿಯೂ ಬೇಡ, ಯಾವ ಪ್ರೋಗ್ರಾಮ್ ಅದನ್ನು ಓಡಿಸಬೇಕೆಂದು ‘#!’ ಚಿಹ್ನೆಯೊಂದಿಗೆ ಹೇಳುವ ಮೊದಲ ಸಾಲಿನ ಶೆಬ್ಯಾಂಗೂ ಬೇಡ. ಶೆಬ್ಯಾಂಗ್ ಇಲ್ಲದ ಸ್ಕ್ರಿಪ್ಟನ್ನು ನೇರವಾಗಿ ಹೆಸರು ಬರೆದು ಓಡಿಸಿದರೂ ನಿಮ್ಮ ಬ್ಯಾಶ್ ಉಪಕಾರ ಮಾಡಲು ಹೋಗಿ ತಾನೇ ಅದನ್ನು ಓದಿ ಓಡಿಸಿಬಿಡುತ್ತದೆ. ಸಿಸ್ಟಮ್‌ಡಿ ಆ ಉಪಕಾರ ಮಾಡುವುದಿಲ್ಲ. ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಬರೆದು ಕೈಬಿಡುತ್ತದೆ.

ವಿಂಡೋಸ್ ಯಂತ್ರದಲ್ಲಿ ಬರೆದು ಸರ್ವರ್‌ಗೆ ಕಳುಹಿಸಿದ ಸ್ಕ್ರಿಪ್ಟ್‌ಗಳದ್ದು ಇನ್ನೊಂದು ಕಥೆ. ಅಲ್ಲಿ ಪ್ರತಿ ಸಾಲಿನ ಕೊನೆಯಲ್ಲಿ ಕ್ಯಾರಿಯೇಜ್ ರಿಟರ್ನ್ ಎಂಬ ಹೆಚ್ಚುವರಿ ಅಕ್ಷರವಿರುತ್ತದೆ, ಕಣ್ಣಿಗೆ ಅದು ಕಾಣುವುದಿಲ್ಲ. ಕರ್ನೆಲ್ ಮಾತ್ರ ಅದನ್ನೂ ಹೆಸರಿನ ಭಾಗವೆಂದೇ ಎಣಿಸಿ, ಬ್ಯಾಶ್‌ನ ಬದಲು ಕೊನೆಯಲ್ಲಿ ಆ ಅಕ್ಷರ ಅಂಟಿಕೊಂಡಿರುವ ಬೇರೊಂದು ಪ್ರೋಗ್ರಾಮನ್ನು ಹುಡುಕುತ್ತದೆ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ಸಂದೇಶ ಬರುತ್ತದೆ, ಸ್ಕ್ರಿಪ್ಟ್ ಎದುರಿಗೇ ಇದ್ದರೂ. ಕ್ಯಾಟ್ ಕಮಾಂಡ್‌ಗೆ ದೊಡ್ಡ ಎ ಆಯ್ಕೆ ಕೊಟ್ಟು ನೋಡಿದರೆ ಸಾಲಿನ ಕೊನೆಯಲ್ಲಿ ಡಾಲರ್ ಚಿಹ್ನೆಯ ಹಿಂದೆ ‘^ಎಂ’ ಎಂದು ಕಾಣುತ್ತದೆ. ಡಾಸ್‌ಟುಯುನಿಕ್ಸ್ ಎಂಬ ಕಮಾಂಡ್‌ನಿಂದ ಅದನ್ನು ತೆಗೆಯಬಹುದು. ಕೆಲವು ಎಡಿಟರ್‌ಗಳು ಯುಟಿಎಫ್-8 ಫೈಲಿನ ಆರಂಭದಲ್ಲಿ ಬಿಒಎಂ ಎಂಬ ಮೂರು ಬೈಟ್‌ಗಳನ್ನು ಸೇರಿಸುವುದೂ ಉಂಟು. ಆಗ ಶೆಬ್ಯಾಂಗ್ ಫೈಲಿನ ಮೊದಲ ಬೈಟ್‌ನಲ್ಲಿ ಇರುವುದಿಲ್ಲವಾದ್ದರಿಂದ ಕರ್ನೆಲ್ ಅದನ್ನು ಗುರುತಿಸುವುದಿಲ್ಲ.

ಅನುಮತಿ ಸರಿ ಇದ್ದು, ಶೆಬ್ಯಾಂಗ್ ಸರಿ ಇದ್ದು, ಆದರೂ ‘ಪರ್ಮಿಶನ್ ಡಿನೈಡ್’ ಎಂದು ಬಂದರೆ ಆ ಫೈಲ್ ಇರುವ ಡಿಸ್ಕ್ ಭಾಗವನ್ನು, ಅದರಲ್ಲಿರುವ ಯಾವುದನ್ನೂ ಓಡಿಸಲು ಬಿಡದ ನೋಎಕ್ಸೆಕ್ ಆಯ್ಕೆಯೊಂದಿಗೆ ಮೌಂಟ್ ಮಾಡಿದ್ದಾರೆಯೇ ಎಂದು ನೋಡಬೇಕು. ಅದೂ ಅಲ್ಲದಿದ್ದರೆ ಎಸ್‌ಇಲಿನಕ್ಸ್, ಎಂದರೆ ಫೈಲುಗಳ ಲೇಬಲ್ ನೋಡಿ ಅನುಮತಿ ಕೊಡುವ ಭದ್ರತಾ ವ್ಯವಸ್ಥೆ. ರೂಟ್ ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲಿ ಸ್ಕ್ರಿಪ್ಟ್ ಬರೆದು, ಎಂವಿ ಕಮಾಂಡ್‌ನಿಂದ ಯುಎಸ್‌ಆರ್/ಲೋಕಲ್/ಬಿನ್‌ಗೆ ಸರಿಸಿದರೆ ಹಳೆಯ ಜಾಗದ ಲೇಬಲ್ ಅದರ ಜೊತೆಯಲ್ಲೇ ಹೋಗುತ್ತದೆ. ಸಿಪಿ ಕಮಾಂಡ್‌ನಿಂದ ನಕಲು ಮಾಡಿದರೆ ಹೊಸ ಜಾಗದ ಲೇಬಲ್ ಸಿಗುತ್ತದೆ. ಎಲ್‌ಎಸ್‌ಗೆ ದೊಡ್ಡ ಝಡ್ ಆಯ್ಕೆ ಕೊಟ್ಟು ಲೇಬಲ್ ನೋಡಿ, ರಿಸ್ಟೋರ್‌ಕಾನ್‌ನಿಂದ ಸರಿಪಡಿಸಬೇಕು. ಎಸ್‌ಇಲಿನಕ್ಸ್ ಕಾರಣ ಹೌದೋ ಅಲ್ಲವೋ ಎಂದು ತಿಳಿಯಲು ಸೆಟ್‌ಎನ್‌ಫೋರ್ಸ್ 0 ಎಂದು ಸ್ವಲ್ಪ ಹೊತ್ತು ಸಡಿಲಿಸಿ ನೋಡುವುದು ತಪ್ಪಲ್ಲ. ಅದನ್ನೇ ಪರಿಹಾರವೆಂದು ಖಾಯಂ ಮಾಡಿಬಿಡುವುದು ತಪ್ಪು.

ಏನನ್ನು ಓಡಿಸಬೇಕೆಂದು ಹೇಳುವ, ಯುನಿಟ್ ಫೈಲಿನ ಎಕ್ಸೆಕ್‌ಸ್ಟಾರ್ಟ್ ಸಾಲು ಶೆಲ್ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಲ್ಲಿ ಬರೆದ ಪೈಪ್, ‘>’ ಚಿಹ್ನೆ, ‘&&’ ಇವೆಲ್ಲ ಪ್ರೋಗ್ರಾಮಿಗೆ ಬರಿಯ ಪದಗಳಾಗಿ ತಲುಪುತ್ತವೆ. ಅವು ಬೇಕಿದ್ದರೆ ಸ್ಕ್ರಿಪ್ಟ್‌ನ ಒಳಗೆ ಬರೆಯಬೇಕು.

ಎಲ್ಲಿಗೆ ಬಂದು ನಿಂತಿತು

ಸ್ಕ್ರಿಪ್ಟ್ ಓಡಲು ಶುರುಮಾಡಿ ನಡುವೆ ನಿಂತಿದ್ದರೆ ಅದರ ಬಾಯಿಯಿಂದಲೇ ಹೇಳಿಸಬೇಕು. ಶೆಬ್ಯಾಂಗ್‌ನ ಕೆಳಗೆ, ಎಕ್ಸೆಕ್ ಕಮಾಂಡ್‌ನಿಂದ ಎಲ್ಲ ಔಟ್‌ಪುಟ್ಟನ್ನೂ ಎರರ್‌ಗಳನ್ನೂ ವಾರ್/ಲಾಗ್‌ನ ಒಂದು ಫೈಲಿಗೆ ತಿರುಗಿಸುವ ಸಾಲು ಬರೆಯಿರಿ. ಅದರ ಕೆಳಗೆ ಡೇಟ್, ಐಡಿ, ಪಿಡಬ್ಲ್ಯುಡಿ ಮತ್ತು ಎನ್ವ್ ಕಮಾಂಡ್‌ಗಳನ್ನು ಒಂದೊಂದು ಸಾಲಿನಲ್ಲಿ ಬರೆದು, ಕೊನೆಗೆ ‘ಸೆಟ್ -ಎಕ್ಸ್’ ಸೇರಿಸಿ. ಮುಂದಿನ ರೀಬೂಟ್ ಆದ ಮೇಲೆ ಆ ಫೈಲಿನಲ್ಲಿ ಸ್ಕ್ರಿಪ್ಟ್ ಯಾವ ಹೊತ್ತಿಗೆ, ಯಾವ ಬಳಕೆದಾರನ ಹೆಸರಿನಲ್ಲಿ, ಯಾವ ಡೈರೆಕ್ಟರಿಯಿಂದ, ಯಾವ ಪರಿಸರದಲ್ಲಿ ಓಡಿತು ಎಂಬುದೂ ಒಂದೊಂದು ಕಮಾಂಡ್ ಏನೆಂದು ಬಿಡಿಸಿಕೊಂಡಿತು ಎಂಬುದೂ ಇರುತ್ತದೆ. ಫೈಲಿನ ಕೊನೆಯ ಸಾಲೇ ನಿಮಗೆ ಬೇಕಾದ ಸಾಲು.

ಅಲ್ಲಿ ಸಿಗುವ ಪರಿಸರ ನಿಮ್ಮ ಲಾಗಿನ್ ಪರಿಸರಕ್ಕಿಂತ ಬಹಳ ಬಡವಾಗಿರುತ್ತದೆ. ಬೂಟ್ ಸಮಯದಲ್ಲಿ ಯಾರೂ ಲಾಗಿನ್ ಆಗಿರುವುದಿಲ್ಲವಾದ್ದರಿಂದ ಪ್ರೊಫೈಲ್ ಫೈಲುಗಳನ್ನಾಗಲಿ ಬ್ಯಾಶ್‌ಆರ್‌ಸಿಯನ್ನಾಗಲಿ ಯಾರೂ ಓದುವುದಿಲ್ಲ. ಆಪ್ಟ್ ಡೈರೆಕ್ಟರಿಯಲ್ಲಿ ಇರಿಸಿದ ಜಾವಾ, ಒಬ್ಬ ಬಳಕೆದಾರನ ಹೋಮ್‌ನಲ್ಲಿ ಇನ್‌ಸ್ಟಾಲ್ ಮಾಡಿದ ನೋಡ್, ಒರಾಕಲ್‌ನ ಒರಾಕಲ್_ಹೋಮ್ ವೇರಿಯಬಲ್ ಇವು ಯಾವುವೂ ಸ್ಕ್ರಿಪ್ಟ್‌ಗೆ ಗೊತ್ತಿರುವುದಿಲ್ಲ. ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಕ್ರಾನ್‌ನ ಪಟ್ಟಿಯಾದ ಕ್ರಾನ್‌ಟ್ಯಾಬ್‌ನ ‘@ರೀಬೂಟ್’ ಸಾಲಿನಿಂದ ಓಡಿಸಿದರೆ ಡೆಬಿಯನ್‌ನಲ್ಲಿ ಪಾತ್ (ಕಮಾಂಡ್‌ಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ) ಯುಎಸ್‌ಆರ್/ಬಿನ್ ಮತ್ತು ಬಿನ್ ಎರಡೇ. ಎಸ್‌ಬಿನ್‌ನಲ್ಲಿರುವ ಕಮಾಂಡ್‌ಗಳೂ ಸಿಗುವುದಿಲ್ಲ. ಯುನಿಟ್‌ನಲ್ಲಿ ಯೂಸರ್ ಎಂದು ಹೇಳದಿದ್ದರೆ ಸಿಸ್ಟಮ್‌ಡಿ ಹೋಮ್ ವೇರಿಯಬಲ್ ಕೊಡುವುದಿಲ್ಲ, ಕೆಲಸದ ಡೈರೆಕ್ಟರಿ ಮೂಲ ಡೈರೆಕ್ಟರಿಯೇ ಆಗಿರುತ್ತದೆ. ಪೂರ್ಣ ಮಾರ್ಗ ಬರೆಯದ ಫೈಲ್‌ಗಳೆಲ್ಲ ಅಲ್ಲಿ ಹುಡುಕಲ್ಪಟ್ಟು ಸಿಗದೆ ಹೋಗುತ್ತವೆ. ಸ್ಕ್ರಿಪ್ಟ್‌ನ ಆರಂಭದಲ್ಲಿಯೇ ಪಾತ್ ಬರೆದು, ಬೇಕಾದ ಡೈರೆಕ್ಟರಿಗೆ ಸಿಡಿ ಮಾಡಿ, ಆ ಸಿಡಿ ವಿಫಲವಾದರೆ ಅಲ್ಲಿಯೇ ನಿಲ್ಲುವಂತೆ ಮಾಡುವುದು ಒಳ್ಳೆಯ ರೂಢಿ. ರೀಬೂಟ್ ಮಾಡದೆಯೇ ಈ ಬಡ ಪರಿಸರವನ್ನು ನೋಡಬೇಕಾದರೆ ಮೂಲ ಡೈರೆಕ್ಟರಿಗೆ ಹೋಗಿ, ಎನ್ವ್ ಕಮಾಂಡ್‌ಗೆ ‘-ಐ’ ಆಯ್ಕೆ ಕೊಟ್ಟು, ಅದರ ಮುಂದೆ ಸ್ಕ್ರಿಪ್ಟ್‌ನ ಪೂರ್ಣ ಮಾರ್ಗ ಬರೆದು ಓಡಿಸಿ. ಅಡಗಿರುವ ದೋಷಗಳಲ್ಲಿ ಬಹುಪಾಲು ಅಷ್ಟರಲ್ಲೇ ಹೊರಬೀಳುತ್ತವೆ.

ಕನ್ನಡ ಹೆಸರಿನ ಫೈಲುಗಳನ್ನೋ ಕನ್ನಡ ಪಠ್ಯವನ್ನೋ ನಿಭಾಯಿಸುವ ಸ್ಕ್ರಿಪ್ಟ್‌ಗಳಿಗೆ, ಭಾಷೆಯನ್ನೂ ಅಕ್ಷರ ಸಂಕೇತವನ್ನೂ ಹೇಳುವ ಲ್ಯಾಂಗ್ ವೇರಿಯಬಲ್‌ನ ತೊಡಕು ವಿಶೇಷವಾಗಿ ತಟ್ಟುತ್ತದೆ. ಲಾಗಿನ್ ಆದಾಗ ಅದರಲ್ಲಿ ಯುಟಿಎಫ್-8 ಇರುತ್ತದೆ, ಕ್ರಾನ್‌ನಂಥ ಕಡೆ ಅದು ಇಲ್ಲದೆ ‘ಸಿ’ ಎಂದಷ್ಟೇ ಉಳಿಯಬಹುದು. ಪೈಥಾನ್ 3.6 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳು ಆಗ ಆಸ್ಕಿಗೆ ಇಳಿದು, ಮೊದಲ ಕನ್ನಡ ಅಕ್ಷರ ಮುದ್ರಿಸುವ ಹೊತ್ತಿಗೇ ‘ಯುನಿಕೋಡ್‌ಎನ್‌ಕೋಡ್‌ಎರರ್’ ಎಂದು ಬಿದ್ದುಹೋಗುತ್ತವೆ. 2018ರಲ್ಲಿ ಬಂದ 3.7ನೇ ಆವೃತ್ತಿ ಇದನ್ನು ಬಹುಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೂ ಯುನಿಟ್ ಫೈಲಿನ ಎನ್‌ವಿರಾನ್‌ಮೆಂಟ್ ಸಾಲಿನಲ್ಲಿ ಲ್ಯಾಂಗ್‌ಗೆ ‘ಸಿ.ಯುಟಿಎಫ್-8’ ಎಂದು ಬರೆದಿಡುವುದರಿಂದ ನಷ್ಟವೇನೂ ಇಲ್ಲ.

ಶೆಬ್ಯಾಂಗ್‌ನಲ್ಲಿ ಬಿನ್/ಎಸ್‌ಎಚ್ ಎಂದಿದ್ದು ಒಳಗೆ ಬ್ಯಾಶ್‌ನ ಶೈಲಿ ಇದ್ದರೆ ಉಬುಂಟುವಿನಲ್ಲಿ ಅದು ನಡೆಯುವುದಿಲ್ಲ. 2006ರ 6.10ನೇ ಆವೃತ್ತಿಯಿಂದ ಅಲ್ಲಿ ಎಸ್‌ಎಚ್ ಎಂದರೆ ಡ್ಯಾಶ್. ಅದಕ್ಕೆ ಎರಡು ಚೌಕಾವರಣದ ಷರತ್ತು, ಅರೇ, ಸೋರ್ಸ್ ಕಮಾಂಡ್ ಯಾವುವೂ ತಿಳಿಯದು.

ಹೊತ್ತಿಗೆ ಮುಂಚೆ ಓಡುವ ಸ್ಕ್ರಿಪ್ಟ್

ಪರಿಸರ ಸರಿಯಾಗಿದ್ದೂ ವಿಫಲವಾದರೆ ಕಾಲದ ಪ್ರಶ್ನೆ ಬರುತ್ತದೆ. ನೆಟ್‌ವರ್ಕ್ ಡಾಟ್ ಟಾರ್ಗೆಟ್‌ನ ನಂತರ ಓಡು ಎಂದು ಬರೆದು, ಆಗ ನೆಟ್‌ವರ್ಕ್ ಸಿದ್ಧವಾಗಿರುತ್ತದೆ ಎಂದು ನಂಬುವವರು ಬಹಳ. ಆ ಟಾರ್ಗೆಟ್ ಹೇಳುವುದು ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಮ್ ಶುರುವಾಗಿದೆ ಎಂಬುದನ್ನು ಮಾತ್ರ. ನಲ್ಲಿ ಹಾಕಿಸಿದ ಮಾತ್ರಕ್ಕೆ ನೀರು ಬಂದಂತೆ ಆಗುವುದಿಲ್ಲ. ಐಪಿ ವಿಳಾಸ ಸಿಗುವ ತನಕ ಕಾಯಬೇಕಿದ್ದರೆ ನೆಟ್‌ವರ್ಕ್-ಆನ್‌ಲೈನ್ ಡಾಟ್ ಟಾರ್ಗೆಟ್ ಬೇಕು, ಅದನ್ನು ಆಫ್ಟರ್ ಸಾಲಿನಲ್ಲೂ ವಾಂಟ್ಸ್ ಸಾಲಿನಲ್ಲೂ ಬರೆಯಬೇಕು. ಆಫ್ಟರ್ ಹೇಳುವುದು ಕ್ರಮವನ್ನು ಮಾತ್ರ, ಇನ್ನೊಂದನ್ನು ಎಳೆದು ತರುವ ಕೆಲಸ ವಾಂಟ್ಸ್‌ನದು. ಎನ್‌ಎಫ್‌ಎಸ್‌ನಿಂದ, ಎಂದರೆ ನೆಟ್‌ವರ್ಕ್ ಮೂಲಕ ಬೇರೆ ಯಂತ್ರದಿಂದ, ಬರುವ ಡೈರೆಕ್ಟರಿಯನ್ನು ಬಳಸುವ ಸ್ಕ್ರಿಪ್ಟ್‌ಗೆ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಎಂಬ ಸಾಲಿನಲ್ಲಿ ಆ ಮಾರ್ಗವನ್ನು ಬರೆದರೆ ಮೌಂಟ್ ಆಗುವ ತನಕ ಸಿಸ್ಟಮ್‌ಡಿಯೇ ತಡೆಹಿಡಿಯುತ್ತದೆ.

ಬೇರೆ ಯಂತ್ರದಲ್ಲಿರುವ ಡೇಟಾಬೇಸ್‌ಗಾಗಿ ಕಾಯಲು ಯಾವ ಟಾರ್ಗೆಟ್ಟೂ ನೆರವಾಗದು. ಅಂಥ ಕಡೆ ‘ಸ್ಲೀಪ್ 30’ ಎಂದು ಬರೆದುಬಿಡುವ ಚಾಳಿ ನಮ್ಮ ವೃತ್ತಿಯಲ್ಲಿ ಹಳೆಯದು, ಆದರೆ ಅದು ಪರೀಕ್ಷೆಯ ದಿನ ನಡೆದು, ಡಿಸ್ಕ್ ಪರಿಶೀಲನೆ ತಡವಾದ ದಿನ ಕೈಕೊಡುತ್ತದೆ. ಪೋರ್ಟ್ ತೆರೆದಿದೆಯೇ ಎಂದು ಕೆಲವು ಸೆಕೆಂಡಿಗೊಮ್ಮೆ ನೋಡಿ, ಒಂದು ಮಿತಿಯ ಆಚೆಗೆ ಸ್ಪಷ್ಟ ಸಂದೇಶ ಬರೆದು ವಿಫಲವಾಗುವ ಲೂಪ್ ಅದಕ್ಕಿಂತ ಎಷ್ಟೋ ಮೇಲು. ಯುನಿಟ್‌ನಲ್ಲಿ ರೀಸ್ಟಾರ್ಟ್ ಸಾಲಿಗೆ ‘ಆನ್-ಫೇಲ್ಯೂರ್’ ಕೊಟ್ಟರೂ ಆದೀತು. ಆದರೆ ಹತ್ತು ಸೆಕೆಂಡಿನೊಳಗೆ ಐದು ಸಲ ಶುರುವಾಗಿ ಬಿದ್ದರೆ ಸಿಸ್ಟಮ್‌ಡಿ ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್‌ಲಿ’ ಎಂದು ಕೈತೊಳೆದುಕೊಳ್ಳುತ್ತದೆ. ಆದ್ದರಿಂದ ರೀಸ್ಟಾರ್ಟ್‌ಸೆಕ್ ಎಂಬ ಸಾಲಿನಲ್ಲಿ ನಡುವಿನ ಅಂತರವನ್ನೂ ಹೇಳಬೇಕು.

ಮೊದಲ ದಿನ ಸರಿಯಾಗಿದ್ದು ಮೊದಲ ರೀಬೂಟ್‌ನಲ್ಲೇ ಕೆಡುವ ಸ್ಕ್ರಿಪ್ಟ್‌ಗಳಲ್ಲಿ ರನ್ ಡೈರೆಕ್ಟರಿಯನ್ನು ಮೊದಲು ನೋಡಬೇಕು. ಈಗಿನ ಲಿನಕ್ಸ್‌ಗಳಲ್ಲಿ ಅದು ಮೆಮೊರಿಯಲ್ಲಿರುವುದರಿಂದ, ಪಿಐಡಿ ಫೈಲಿಗಾಗಿ ಅದರೊಳಗೆ ನೀವು ಕೈಯಿಂದ ಮಾಡಿದ ಡೈರೆಕ್ಟರಿ ರೀಬೂಟ್ ಆದಾಗ ಇಲ್ಲವಾಗುತ್ತದೆ. ಯುನಿಟ್‌ನಲ್ಲಿ ರನ್‌ಟೈಮ್‌ಡೈರೆಕ್ಟರಿ ಸಾಲು ಬರೆದರೆ ಪ್ರತಿ ಸಲವೂ ಅದು ಸರಿಯಾದ ಒಡೆತನದೊಂದಿಗೆ ಹುಟ್ಟುತ್ತದೆ.

ಇನ್ನು, ಸ್ಕ್ರಿಪ್ಟ್ ತಪ್ಪಿಲ್ಲದೆ ಮುಗಿದರೂ ಅದು ಶುರುಮಾಡಿದ ಪ್ರೋಗ್ರಾಮ್ ಮಾಯವಾಗುವ ಪ್ರಸಂಗ. ಸ್ಕ್ರಿಪ್ಟ್ ತನ್ನ ಪ್ರೋಗ್ರಾಮನ್ನು ‘&’ ಹಾಕಿ ಹಿನ್ನೆಲೆಗೆ ತಳ್ಳಿ ತಾನು ಹೊರಟುಹೋದರೆ, ಟೈಪ್ ಸಿಂಪಲ್ ಎಂದಿರುವ ಯುನಿಟ್‌ನಲ್ಲಿ ಮುಖ್ಯ ಪ್ರೋಸೆಸ್ ಮುಗಿಯಿತೆಂದು ಎಣಿಸಿ ಸಿಸ್ಟಮ್‌ಡಿ ಅದರ ಗುಂಪಿನಲ್ಲಿ ಉಳಿದವರನ್ನೆಲ್ಲ ಕೊಲ್ಲುತ್ತದೆ. ಲಾಗ್‌ಔಟ್ ಆದರೂ ಪ್ರೋಗ್ರಾಮನ್ನು ಉಳಿಸುವ ನೋಹಪ್ ಹಾಕಿದರೂ ಉಳಿಯುವುದಿಲ್ಲ. ಹಿನ್ನೆಲೆಗೆ ತಳ್ಳುವುದನ್ನೇ ಬಿಟ್ಟು, ಸ್ಕ್ರಿಪ್ಟ್‌ನ ಕೊನೆಯ ಸಾಲಿನಲ್ಲಿ ಎಕ್ಸೆಕ್ ಬಳಸಿ ಪ್ರೋಗ್ರಾಮನ್ನು ಮುಂದೆಯೇ ಓಡಿಸುವುದು ಸರಿಯಾದ ದಾರಿ. ಹಳೆಯ ಪ್ರೋಗ್ರಾಮ್ ತಾನೇ ಹಿನ್ನೆಲೆಗೆ ಹೋಗುವಂಥದ್ದಾದರೆ ಟೈಪ್ ಫೋರ್ಕಿಂಗ್ ಎಂದೂ, ಒಂದು ಸಲ ಏನನ್ನೋ ಹೊಂದಿಸಿ ಮುಗಿಯುವ ಸ್ಕ್ರಿಪ್ಟ್ ಆದರೆ ಒನ್‌ಶಾಟ್ ಎಂದೂ ಬರೆಯಬೇಕು.

ರೀಬೂಟ್ ಮಾಡುವ ಮೊದಲು

ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಮಾಡಿ ನೋಡಿದರೆ ಪರಿಸರದ ದೋಷಗಳು ಬಯಲಾಗುತ್ತವೆ, ಆದರೆ ಆ ಹೊತ್ತಿಗೆ ನೆಟ್‌ವರ್ಕ್, ಡಿಸ್ಕ್ ಎಲ್ಲ ಮೇಲೆ ಬಂದಿರುವುದರಿಂದ ಕ್ರಮದ ದೋಷಗಳು ಬಯಲಾಗುವುದಿಲ್ಲ. ಅದಕ್ಕೆ ನಿಜವಾದ ರೀಬೂಟೇ ಬೇಕು. ಮೊದಲು ಸಿಸ್ಟಮ್‌ಡಿ-ಅನಲೈಜ್ ವೆರಿಫೈನಿಂದ ಯುನಿಟ್ ಫೈಲಿನ ಕಾಗುಣಿತ ತಪ್ಪುಗಳನ್ನು ಹಿಡಿಯಿರಿ. ಸರ್ವರ್ ದೂರದಲ್ಲಿದ್ದರೆ ಅದರ ರಿಮೋಟ್ ಕನ್ಸೋಲ್ ತೆರೆಯುತ್ತದೆಯೇ, ಪಾಸ್‌ವರ್ಡ್ ನೆನಪಿದೆಯೇ ಎಂದು ಆಗಲೇ ನೋಡಿಕೊಳ್ಳಿ. ಬೂಟ್ ನಡುವೆ ಸಿಕ್ಕಿಕೊಂಡರೆ, ಕರ್ನೆಲನ್ನು ಶುರುಮಾಡುವ ಗ್ರಬ್‌ನ ಕರ್ನೆಲ್ ಸಾಲಿನಲ್ಲಿ ರೆಸ್ಕ್ಯೂ ಟಾರ್ಗೆಟ್ ಹೇಳಿ ಒಳಗೆ ಬರಲು ಅದೊಂದೇ ದಾರಿ. ಹಿಂದಿನ ಬೂಟ್‌ನ ಜರ್ನಲ್ ಉಳಿಯಬೇಕಾದರೆ ವಾರ್/ಲಾಗ್ ಒಳಗೆ ಜರ್ನಲ್ ಎಂಬ ಡೈರೆಕ್ಟರಿ ಇರಬೇಕು. ರೆಡ್ ಹ್ಯಾಟ್‌ನ 7ನೇ ಆವೃತ್ತಿಯಂಥ ಕಡೆ ಅದು ತಾನಾಗಿ ಇರುವುದಿಲ್ಲ, ಮಾಡಿಕೊಳ್ಳಬೇಕು.

ರೀಬೂಟ್ ಆದ ಮೇಲೆ ಸಿಸ್ಟಮ್‌ಸಿಟಿಎಲ್‌ಗೆ ‘--ಫೇಲ್ಡ್’ ಆಯ್ಕೆ ಕೊಟ್ಟು ನೋಡಿ. ನಿಮ್ಮ ಸರ್ವಿಸ್ ಅಲ್ಲಿ ಇಲ್ಲದಿದ್ದರೆ ಸಾಲದು, ಅದು ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿಯಲ್ಲಿಯೂ ಇರಬೇಕು. ಸಾಧ್ಯವಿದ್ದರೆ ಒಮ್ಮೆ ಪವರ್ ಪೂರ್ತಿ ತೆಗೆದು ಹಾಕಿಯೂ ನೋಡಿ, ಏಕೆಂದರೆ ಡಿಸ್ಕ್‌ಗಳೂ ನೆಟ್‌ವರ್ಕ್ ಸ್ವಿಚ್ಚೂ ಎಚ್ಚೆತ್ತುಕೊಳ್ಳುವ ಹೊತ್ತು ಆಗ ಬೇರೆಯಾಗಿರುತ್ತದೆ. ಎಲ್ಲ ಸರಿ ಇದ್ದರೆ ಸ್ಕ್ರಿಪ್ಟ್‌ಗೆ ಸೇರಿಸಿದ್ದ ‘ಸೆಟ್ -ಎಕ್ಸ್’ ಮತ್ತು ಎನ್ವ್ ಸಾಲುಗಳನ್ನು ಅಳಿಸಿ, ಅವು ಬರೆದ ಲಾಗ್ ಫೈಲನ್ನೂ ತೆಗೆದುಹಾಕಿ. ಡೇಟಾಬೇಸ್‌ನ ಪಾಸ್‌ವರ್ಡ್ ಆ ಲಾಗ್‌ನಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ಬಿದ್ದಿರುವ ಸಾಧ್ಯತೆ ಇದೆ.